ಮುಲುಂಡಿನವರು ವಡಾಲಾಕ್ಕೆ ಏಕೆ ನಡೆದರು?

ಇಂಗ್ಲಿಷಿನ ಕ್ರಿಸ್ಮಸ್ ಪ್ರೇಮಕಾದಂಬರಿಗಳು ಡಿಸೆಂಬರಿಗೆ ಕಾಯುವುದಿಲ್ಲ. ಇಲ್ಲಿ ಮುಂಬಯಿಯಲ್ಲಿ ನವರಾತ್ರಿಯ ಧ್ವನಿವರ್ಧಕಗಳು ಕಿವಿ ಕೊರೆಯುತ್ತಿರುವಾಗಲೇ ಅವುಗಳ ಹಿಮ ಸುರಿಯುವ ಮುಖಪುಟಗಳು ಅಂಗಡಿಗೆ ಬಂದಿರುತ್ತವೆ. ಒಂದು ಸಣ್ಣ ಊರು, ಮುಚ್ಚುವ ಸ್ಥಿತಿಗೆ ಬಂದ ಬೇಕರಿ, ನ್ಯೂಯಾರ್ಕಿನಿಂದ ಮುಖ ಗಂಟಿಕ್ಕಿಕೊಂಡು ಬರುವ ವಕೀಲೆ, ಸೌದೆ ಒಡೆಯುತ್ತ ನಿಂತ ಒಬ್ಬ ಸಜ್ಜನ. ಇಷ್ಟು ಸಾಮಗ್ರಿ ಇದ್ದರೆ ಪುಸ್ತಕ ಆಯಿತು. ನನ್ನ ಮಗಳು ಇವನ್ನು ರಾಶಿಗಟ್ಟಲೆ ಓದುತ್ತಾಳೆ. ಕೆಲಸ ಸಿಕ್ಕಿ ಪುಣೆಗೆ ಹೋಗುವಾಗ ಬಟ್ಟೆಬರೆಯನ್ನೆಲ್ಲ ಒಯ್ದು, ಪುಸ್ತಕಗಳನ್ನು ನನ್ನ ಕಪಾಟಿನಲ್ಲಿ ಬಿಟ್ಟುಹೋದಳು. ಅದರಲ್ಲೊಂದನ್ನು ಡೊಂಬಿವಲಿಯ ಸ್ಲೋ ಲೋಕಲಿನಲ್ಲಿ ಕುಳಿತು ಓದಿದೆ. ಹೆಸರು ಹೇಳುವುದಿಲ್ಲ. ಉಳಿದವುಗಳ ನಡುವೆ ಅದನ್ನು ಗುರುತಿಸಲು ಬರೆದವರಿಗೂ ಆಗಲಿಕ್ಕಿಲ್ಲ.

ಕಥೆ ಇಷ್ಟು. ತಂದೆ ತೀರಿಕೊಂಡಿದ್ದಾರೆ. ದೊಡ್ಡ ಮನೆಯಲ್ಲಿ ತಾಯಿ ಒಬ್ಬರೇ. ಮಕ್ಕಳು ನಾಲ್ವರು, ಎಲ್ಲರೂ ಮೂವತ್ತು ದಾಟಿದವರು, ಹಿರಿಯವಳು ನಲವತ್ತನ್ನೂ ದಾಟಿದವಳು. ತಂದೆಯಿಲ್ಲದ ಮೊದಲ ಹಬ್ಬವೆಂದು ನಾಲ್ವರೂ ಬರುತ್ತಾರೆ. ಹಿಮ ಬಿದ್ದು ರಸ್ತೆ ಮುಚ್ಚುತ್ತದೆ. ಹೊಸ ವರ್ಷ ಹುಟ್ಟುವಷ್ಟರಲ್ಲಿ ಮೂವರಿಗೆ ಜೋಡಿ ಸಿಕ್ಕಿರುತ್ತದೆ. ನಾಲ್ಕನೆಯವನನ್ನು ಮುಂದಿನ ವರ್ಷದ ಪುಸ್ತಕಕ್ಕೆಂದು ಎತ್ತಿಟ್ಟಿರುತ್ತಾರೆ. ಯಾರೂ ಕಚೇರಿಗೆ ಫೋನ್ ಮಾಡಿ ರಜೆ ಕೇಳುವುದಿಲ್ಲ. ಯಾರಿಗೂ ಹೊಟ್ಟೆ ಕೆಡುವುದಿಲ್ಲ. ಎಲ್ಲರೂ ಹಗಲೂ ರಾತ್ರಿ ಬಿಸ್ಕತ್ತು ಮಾಡುತ್ತಾರೆ.

ಮೂಗು ಮುರಿಯುತ್ತಲೇ ಪುಟ ಮಗುಚುತ್ತಿದ್ದವಳಿಗೆ ಘಾಟ್‌ಕೋಪರ್ ದಾಟುವಾಗ ಒಂದು ಕಡೆ ಕಣ್ಣು ನಿಂತಿತು. ಊಟವಾಗಿದೆ. ಅಣ್ಣ ಪಾತ್ರೆ ತೊಳೆಯುತ್ತಿದ್ದಾನೆ, ತಂಗಿ ಒರೆಸಿ ಇಡುತ್ತಿದ್ದಾಳೆ. ಅವನು ತೊಳೆದ ತಟ್ಟೆಯನ್ನೇ ಮತ್ತೆ ತೊಳೆಯುತ್ತಾನೆ. ತಂಗಿ ತಲೆ ಎತ್ತದೆ "ಯಾರವಳು?" ಎನ್ನುತ್ತಾಳೆ. ಅಷ್ಟೇ. ಆ ಹುಡುಗಿಗೆ ಇನ್ನೂ ಸುಳಿವಿಲ್ಲ, ಅಣ್ಣನಿಗೇ ಸರಿಯಾಗಿ ತಿಳಿದಿಲ್ಲ, ತಂಗಿಗೆ ತಿಳಿದುಹೋಗಿದೆ. ಇಡೀ ಪುಸ್ತಕದಲ್ಲಿ ನಿಜವೆನ್ನಿಸಿದ್ದು ಆ ಒಂದು ಪುಟ. ಮುತ್ತಿಡುವ ಅಧ್ಯಾಯಗಳಿಗೆ ಹಿಮವೂ ದೀಪವೂ ಸಂಗೀತವೂ ಬೇಕಾದವು. ಇದಕ್ಕೆ ಒಂದು ತಟ್ಟೆ ಸಾಕಾಯಿತು.

ಈ ಬಗೆಯ ಕಾದಂಬರಿಗಳಲ್ಲಿ ಇಷ್ಟೊಂದು ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲಿಂದ ಬಂದರು ಎಂದರೆ, ಅದರ ಹಿಂದಿರುವುದು ವ್ಯಾಪಾರದ ಲೆಕ್ಕ. ಪ್ರೇಮಕಾದಂಬರಿಗೆ ಅಮೆರಿಕದ ಲೇಖಕರ ಸಂಘ ಇಟ್ಟ ನಿಯಮಗಳು ಎರಡೇ: ಕಥೆಯ ನಟ್ಟನಡುವೆ ಪ್ರೇಮ ಇರಬೇಕು, ಕೊನೆ ಓದುಗರ ಮನಸ್ಸಿಗೆ ನೆಮ್ಮದಿ, ಭರವಸೆ ತರಬೇಕು. ಎರಡನೆಯ ನಿಯಮವೇ ಪ್ರಕಾಶಕನಿಗೆ ತೊಡಕು. ಸುಖವಾಗಿ ಸೇರಿದ ಜೋಡಿಯ ಬಗ್ಗೆ ಇನ್ನೊಂದು ಪುಸ್ತಕ ಬರೆಯಬೇಕಾದರೆ ಅವರನ್ನು ಜಗಳವಾಡಿಸಬೇಕು. ಓದುಗರು ಅದನ್ನು ಸಹಿಸುವುದಿಲ್ಲ. ಆದರೆ ಆ ಮನೆ, ಆ ಊರು, ಆ ತಾಯಿ ಅಷ್ಟರಲ್ಲಿ ಓದುಗರಿಗೆ ಬೇಕಾದವರಾಗಿದ್ದಾರೆ. ಹಾಗಾಗಿ ಮುಂದಿನ ಪುಸ್ತಕಕ್ಕೆ ನಾಯಕನ ತಮ್ಮ, ಅದರ ಮುಂದಿನದಕ್ಕೆ ತಂಗಿ. ಎಂಟು ಮಕ್ಕಳ ಮನೆತನವೊಂದನ್ನು ಕಟ್ಟಿ ಎಂಟು ಕಾದಂಬರಿ ಬರೆದು ಗೆದ್ದವರಿದ್ದಾರೆ. ಬಡ ತಾಯಿ! ಹೆತ್ತದ್ದು ಲೇಖಕಿಯ ಒಪ್ಪಂದಕ್ಕೆ ತಕ್ಕ ಹಾಗೆ.

ಮುಂಬಯಿಗೆ ಈ ಸರಕು ಹೊಸದಲ್ಲ. ಲಂಡನ್ನಿನಲ್ಲಿ ಜೆರಾಲ್ಡ್ ಮಿಲ್ಸ್ ಮತ್ತು ಚಾರ್ಲ್ಸ್ ಬೂನ್ 1908ರಲ್ಲಿ ಸಂಸ್ಥೆ ಕಟ್ಟಿದಾಗ ಎಲ್ಲ ಬಗೆಯ ಪುಸ್ತಕ ಹಾಕುತ್ತಿದ್ದರು. ಅವರ ‘ಮಿಲ್ಸ್ ಅಂಡ್ ಬೂನ್’ ಪೂರ್ತಿಯಾಗಿ ಪ್ರೇಮಕ್ಕೆ ಹೊರಳಿದ್ದು 1930ರ ದಶಕದಲ್ಲಿ. 1971ರಲ್ಲಿ ಅದು ಕೆನಡಾದ ಹಾರ್ಲೆಕ್ವಿನ್ ಕೈಗೆ ಹೋಯಿತು. ಭಾರತದಲ್ಲಿ ಅಧಿಕೃತವಾಗಿ ಅಂಗಡಿ ತೆರೆದದ್ದು 2008ರಲ್ಲಿ. ಅದಕ್ಕೆ ಎಷ್ಟೋ ಮೊದಲೇ ಮಾಟುಂಗಾದ ಕಿಂಗ್ಸ್ ಸರ್ಕಲ್ಲಿನ ಫುಟ್‌ಪಾತಿನಲ್ಲಿ, ಎಂಜಿನಿಯರಿಂಗ್ ಪಠ್ಯಗಳ ಪಕ್ಕದಲ್ಲಿ, ಅವು ಬೆನ್ನು ಮುರಿದು ಬಿದ್ದಿರುತ್ತಿದ್ದವು. ನಾವು ಹುಡುಗಿಯರು ಅವನ್ನು ರಸಾಯನಶಾಸ್ತ್ರದ ನೋಟ್‌ಬುಕ್ಕಿನೊಳಗೆ ಇಟ್ಟು ಓದುತ್ತಿದ್ದೆವು. ಅಲ್ಲಿನ ನಾಯಕಿಯರು ಹೆಚ್ಚಾಗಿ ಒಂಟಿ, ಅನಾಥೆಯರು. ಇದ್ದಕ್ಕಿದ್ದಂತೆ ಗ್ರೀಸಿಗೆ ಹೋಗಬಲ್ಲವರು. ಹಿಂದೆ ಮುಂದೆ ಯಾರೂ ಇಲ್ಲದಿದ್ದರೆ ಪ್ರೇಮ ಸುಲಭವೆಂದು ನಮಗೂ ಆಗ ಅನ್ನಿಸಿತ್ತು.

ಹಬ್ಬಕ್ಕೆಂದು ಓದುವುದು ನಮ್ಮಲ್ಲೂ ಇದೆ. ಮರಾಠಿಯ ‘ಮನೋರಂಜನ’ 1909ರಲ್ಲೇ ದೀಪಾವಳಿ ಸಂಚಿಕೆ ತಂದಿತ್ತು. ನಮ್ಮ ಚಾಳಿನಲ್ಲಿ, ಅಂದರೆ ಸಾಲು ಕೋಣೆಗಳ ವಠಾರದಲ್ಲಿ, ನೆರೆಯವರ ಮರಾಠಿ ದಿವಾಳಿ ಅಂಕಕ್ಕೂ ನಮ್ಮ ಕನ್ನಡ ವಿಶೇಷಾಂಕಕ್ಕೂ ಅದಲುಬದಲು ನಡೆಯುತ್ತಿತ್ತು. ಓದಲು ಬಾರದವರು ಜಾಹೀರಾತು ನೋಡುತ್ತಿದ್ದರು. ಆದರೆ ಆ ವಿಶೇಷಾಂಕಗಳ ಕಥೆಗಳಲ್ಲಿ ದೀಪಾವಳಿ ಇರುವುದೇ ಅಪರೂಪ. ಇದ್ದರೆ ಆ ದಿನ ಯಾರಾದರೂ ಸಾಯುತ್ತಾರೆ. ಇನ್ನು ನಮ್ಮ ಸಾಮಾಜಿಕ ಕಾದಂಬರಿಗಳ ಹಿರಿಯಕ್ಕನಿಗೆ ಇದ್ದದ್ದು ಒಂದೇ ಕೆಲಸ. ತಂಗಿಯ ಮದುವೆಗೆ ಬಳೆ ಅಡವಿಡುವುದು, ತಮ್ಮನ ಫೀಸು ಕಟ್ಟುವುದು, ಕೊನೆಯ ಅಧ್ಯಾಯದಲ್ಲಿ ಕೆಮ್ಮುವುದು. ಜನಪದ ಗೀತೆಗಳಲ್ಲಿ ಅಣ್ಣತಂಗಿಯರು ಧಾರಾಳವಾಗಿದ್ದಾರೆ, ಆದರೆ ಅಲ್ಲಿ ತಂಗಿಗೆ ಆಗಲೇ ಮದುವೆಯಾಗಿರುತ್ತದೆ. ಪಂಚಮಿಗೆ ಕರೆಯಲು ಅಣ್ಣ ಬರಲಿಲ್ಲವೆಂದು ಅವಳು ದಾರಿ ಕಾಯುತ್ತಾಳೆ, ಅತ್ತಿಗೆ ಮೋರೆ ತಿರುಗಿಸುತ್ತಾಳೆ. ಅವಳ ಮನಸ್ಸು ಯಾರ ಕಡೆ ವಾಲಿತ್ತೆಂದು ಅಣ್ಣನಿಗೆ ಗೊತ್ತಿತ್ತೇ ಎಂಬುದನ್ನು ಯಾವ ಗರತಿಯೂ ಬೀಸುವ ಕಲ್ಲಿನ ಮುಂದೆ ಹಾಡಿದ್ದು ನಾನು ಕೇಳಿಲ್ಲ.

ಆ ಇಂಗ್ಲಿಷ್ ಕಥೆ ನಡೆದರೂ ನಡೆಯಬಹುದಾದ ಮನೆ ನನಗೆ ಗೊತ್ತಿದ್ದದ್ದು ಒಂದೇ: ವಡಾಲಾದ ನಮ್ಮ ಚಾಳಿನಲ್ಲಿ ಅದೇ ಮಾಳಿಗೆಯಲ್ಲಿದ್ದ ಮಂಗಳೂರಿನ ಕ್ರೈಸ್ತರ ಮನೆ. ಮನೆಯ ಯಜಮಾನಿಯನ್ನು ನಾವು ‘ಬಾಯಿ’ ಎನ್ನುತ್ತಿದ್ದೆವು. ಅವರ ಇಬ್ಬರು ಗಂಡುಮಕ್ಕಳು ಕುವೈತಿನಲ್ಲಿದ್ದರು, ಮಗಳು ನರ್ಸ್. ಡಿಸೆಂಬರ್ ಮೂರನೆಯ ವಾರದಲ್ಲಿ ಎಲ್ಲರೂ ಬಂದು ಸೇರುತ್ತಿದ್ದರು. ಕುಸ್ವಾರದ, ಅಂದರೆ ಕ್ರಿಸ್ಮಸ್ ತಿಂಡಿಗಳ, ಕೆಲಸ ಶುರುವಾದರೆ ಚಾಳಿಗೆ ಚಾಳೇ ತೆಂಗಿನಹಾಲಿನ ವಾಸನೆ. ಕಿಡಿಯೊ ಮಾಡಲು ಬಾಯಿ ಹಿಟ್ಟಿನ ಪುಟ್ಟ ಉಂಡೆಯನ್ನು ಹೊಸ ಬಾಚಣಿಗೆಯ ಹಲ್ಲಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಎಳೆಯುತ್ತಿದ್ದರು. ಅದು ಗೆರೆ ಮೂಡಿಸಿಕೊಂಡು ತಾನೇ ಸುರುಳಿಯಾಗುತ್ತಿತ್ತು. ನಮ್ಮ ಅಕ್ಕ ಅವರ ಪಕ್ಕದಲ್ಲಿ ಕುಳಿತು ಅದನ್ನು ಕಲಿತಳು. ಸ್ಟೀಲಿನ ತಟ್ಟೆಯಲ್ಲಿ ಕಿಡಿಯೊ, ನೆವ್ರಿಯೊ, ಕೊಕ್ಕಿಸಾಂ, ಗುಳಿಯೊ ತುಂಬಿ ಕ್ರೋಶೆಯ ಬಟ್ಟೆ ಮುಚ್ಚಿ ಬರುತ್ತಿತ್ತು. ತಟ್ಟೆಯನ್ನು ಬರಿದಾಗಿ ಹಿಂತಿರುಗಿಸಬಾರದೆಂದು ಅಮ್ಮ ಸಕ್ಕರೆ ಹಾಕಿ ಕಳುಹಿಸುತ್ತಿದ್ದಳು.

ಆ ಮನೆಗಳಲ್ಲಿ ಹಬ್ಬಕ್ಕೂ ಹೆಣ್ಣುಗಂಡಿನ ಮಾತುಕತೆಗೂ ನಿಜವಾದ ನಂಟಿತ್ತು. ಕ್ರಿಸ್ಮಸ್ಸಿಗೆ ಮೊದಲಿನ ಆಗಮನ ಕಾಲದಲ್ಲಿ ಸಾಮಾನ್ಯವಾಗಿ ಮದುವೆ ಇಟ್ಟುಕೊಳ್ಳುವುದಿಲ್ಲ. ಕೊಲ್ಲಿಯ ಹುಡುಗರ ರಜೆ ಜನವರಿಯಲ್ಲಿ ಮುಗಿಯುತ್ತದೆ. ಹಾಗಾಗಿ ಹಬ್ಬದ ಮರುದಿನದಿಂದಲೇ ಮಂಗಳೂರಿನ ಸಭಾಂಗಣಗಳು ಒಂದೂ ಬಿಡುವಿಲ್ಲದೆ ತುಂಬುತ್ತವೆ. ಒಬ್ಬನ ರೋಸ್‌ನಲ್ಲಿ, ಮದುವೆಗೆ ಮುಂಚಿನ ಆ ಶಾಸ್ತ್ರದಲ್ಲಿ, ತಲೆಗೆ ತೆಂಗಿನಹಾಲು ಸುರಿಯುತ್ತ ನಿಂತ ಅವನ ತಮ್ಮನನ್ನು ಯಾರದೋ ಚಿಕ್ಕಮ್ಮ ನೋಡಿಟ್ಟುಕೊಳ್ಳುತ್ತಾಳೆ. ಹೀಗೆ ಒಂದು ಹಂಗಾಮಿನಲ್ಲಿ ಒಂದೇ ಮನೆಯ ಇಬ್ಬರಿಗೆ ಮದುವೆ ಗೊತ್ತಾದದ್ದುಂಟು. ಹಿಮ ಬೀಳಬೇಕಾಗಿರಲಿಲ್ಲ, ವಿಮಾನದ ಟಿಕೆಟ್ಟಿನ ದಿನಾಂಕ ಸಾಕಾಗಿತ್ತು.

ನಮ್ಮಂಥವರ ಮನೆಗಳಲ್ಲಿ ರಜೆಯ ತೊಡಕಿರಲಿಲ್ಲ, ಸರದಿಯದಿತ್ತು. ಹಿರಿಯರಿಗೆ ಆಗದೆ ಕಿರಿಯರಿಗೆ ಆಗಬಾರದು. ಮನು ಈ ವಿಷಯದಲ್ಲಿ ಬಹಳ ಬಿಗಿ. ಅಣ್ಣನಿಗೆ ಮದುವೆಯಾಗದೆ ತಮ್ಮ ಮದುವೆಯಾದರೆ ತಮ್ಮ, ಅಣ್ಣ, ಆ ಹೆಣ್ಣು, ಅವಳನ್ನು ಕೊಟ್ಟವನು, ಮಂತ್ರ ಹೇಳಿದವನು ಐವರೂ ನರಕಕ್ಕೆ ಎನ್ನುತ್ತಾನೆ. ಏನೂ ಮಾಡದೆ ಸುಮ್ಮನೆ ಕುಳಿತಿದ್ದ ಅಣ್ಣನಿಗೂ ನರಕ ಏಕೋ! ಭಾರತದಲ್ಲಿ ದ್ರೌಪದಿಯನ್ನು ಗೆದ್ದು ತಂದ ಅರ್ಜುನನಿಗೆ ಧರ್ಮರಾಯ "ನೀನೇ ಇವಳ ಕೈಹಿಡಿ" ಎಂದಾಗ, ಮೊದಲು ನೀನು, ಆಮೇಲೆ ಭೀಮ, ಆಮೇಲೆ ನಾನು ಎಂದು ಅರ್ಜುನ ಸರದಿ ಒಪ್ಪಿಸುತ್ತಾನೆ. ಭೀಮ ಅಷ್ಟರಲ್ಲಾಗಲೇ ಹಿಡಿಂಬೆಯೊಂದಿಗೆ ಸಂಸಾರ ಮಾಡಿ ಘಟೋತ್ಕಚನ ತಂದೆಯಾಗಿದ್ದ. ಕಾಡಿನಲ್ಲಿ ಆದದ್ದು ಸರದಿಯ ಲೆಕ್ಕಕ್ಕೆ ಬರಲಿಲ್ಲವೆಂದು ಕಾಣುತ್ತದೆ.

ತಂಗಿಯ ಪ್ರೇಮಕ್ಕೆ ಅಣ್ಣ ಸಾಕ್ಷಿಯಾದ ಒಂದು ದೊಡ್ಡ ಕಥೆ ನಮ್ಮಲ್ಲೂ ಇದೆ, ಅದು ಸುಭದ್ರೆಯದು. ಮೂಲ ಭಾರತದಲ್ಲಿ ಕೃಷ್ಣ ಅರ್ಜುನನಿಗೆ, ಸ್ವಯಂವರವನ್ನು ನೆಚ್ಚಿಕೊಳ್ಳಬೇಡ, ಎತ್ತಿಕೊಂಡು ಹೋಗು ಎನ್ನುತ್ತಾನೆ, ಸಿಡಿದೇಳುವ ಬಲರಾಮನನ್ನು ತಾನೇ ಸಮಾಧಾನಪಡಿಸುತ್ತಾನೆ. ಸುಭದ್ರೆಯನ್ನು ಮಾತ್ರ ವ್ಯಾಸರು ಏನೂ ಕೇಳುವುದಿಲ್ಲ. ಅವಳಿಗೆ ಬಾಯಿ ಬಂದದ್ದು ಆಮೇಲಿನವರಿಂದ. ನಮ್ಮ ಯಕ್ಷಗಾನದಲ್ಲಿ, ಮರಾಠಿ ರಂಗಭೂಮಿಯಲ್ಲಿ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1882ರಲ್ಲಿ ಪುಣೆಯಲ್ಲಿ ರಂಗಕ್ಕೆ ತಂದ ‘ಸಂಗೀತ ಸೌಭದ್ರ’ವನ್ನು ನಾನು ಮೊದಲು ನೋಡಿದ್ದು ದಾದರಿನಲ್ಲಿ, ಅಕ್ಕನ ಜೊತೆ. ಅಲ್ಲಿ ದೊಡ್ಡಣ್ಣ ಬಲರಾಮ ತಂಗಿಯನ್ನು ದುರ್ಯೋಧನನಿಗೆ ಕೊಡಲು ಹೊರಟಿದ್ದಾನೆ, ಅವಳ ಮನಸ್ಸು ಅರ್ಜುನನಲ್ಲಿದೆ, ಚಿಕ್ಕಣ್ಣ ಕೃಷ್ಣನಿಗೆ ಎಲ್ಲವೂ ಗೊತ್ತಿದೆ. ಗೊತ್ತಿದ್ದೂ ಗೊತ್ತಿಲ್ಲದವನಂತೆ ಆಟ ಕಟ್ಟುತ್ತಾನೆ. ನೂರು ವರ್ಷಕ್ಕೂ ಹೆಚ್ಚು ಕಾಲ ಜನ ಆ ನಾಟಕಕ್ಕೆ ಹೋದದ್ದು ಹಾಡಿಗಾಗಿ ಎನ್ನುತ್ತಾರೆ. ನನ್ನ ಮಟ್ಟಿಗೆ ಅದು ಕೃಷ್ಣನ ಆ ಕಳ್ಳ ಮೌನದ ನಾಟಕ. ತನ್ನ ಸರದಿಯಲ್ಲಿ ರುಕ್ಮಿಣಿಯ ಅಣ್ಣ ಅಡ್ಡ ಬಂದಾಗ ಅವನ ತಲೆಗೂದಲು ಮೀಸೆ ಕತ್ತರಿಸಿ ಅವಮಾನ ಮಾಡಿದವನು ಈತ. ಅಣ್ಣನಾದವನು ಹೇಗಿರಬಾರದೆಂಬುದನ್ನು ಭಾವಮೈದುನನಿಂದ ಕಲಿತಿರಬೇಕು.

ನಾವೂ ನಾಲ್ವರೇ. ಅಕ್ಕ, ನಾನು, ತಂಗಿ, ತಮ್ಮ. ಕುಂದಾಪುರದಿಂದ ಬಂದ ಅಪ್ಪಯ್ಯ ಕೋಟೆ ಪ್ರದೇಶದ ಹೋಟೆಲಿನಲ್ಲಿ ಹಗಲು ದುಡಿದು ಕನ್ನಡ ರಾತ್ರಿಶಾಲೆಯಲ್ಲಿ ಓದಿ ಗುಮಾಸ್ತರಾದವರು. ಪಗಡಿ, ಅಂದರೆ ಒಂದು ದೊಡ್ಡ ಮುಂಗಡ, ಕೊಟ್ಟು ಬಾಡಿಗೆಗೆ ಹಿಡಿದ ಒಂದೂವರೆ ಕೋಣೆ ಅವರು ಬಿಟ್ಟುಹೋದ ಆಸ್ತಿ. ಅವರು ಹೋದಾಗ ತಮ್ಮ ಹತ್ತನೆಯ ತರಗತಿಯಲ್ಲಿದ್ದ, ಅಕ್ಕ ಬ್ಯಾಂಕಿಗೆ ಸೇರಿ ಕೆಲವು ವರ್ಷಗಳಾಗಿದ್ದವು. ಮುಂದಿನದನ್ನು ಯಾರ ಮನೆಯಲ್ಲಿ ಕೇಳಿದರೂ ಹೇಳುತ್ತಾರೆ. "ಮೊದಲು ಅವರದ್ದು ಆಗಲಿ" ಎಂದಳು, ನಮ್ಮದು ಆಯಿತು. ನನ್ನ ಮದುವೆಯ ದಿನ ಅಕ್ಕ ಉಗ್ರಾಣದಲ್ಲಿದ್ದಳು. ಯಾರೂ ಅವಳನ್ನು ಅಲ್ಲಿ ಕೂರಿಸಿರಲಿಲ್ಲ. ಮಂಟಪದ ಹತ್ತಿರ ನಿಂತರೆ "ನಿನ್ನದು ಯಾವಾಗ?" ಎಂದು ಕೇಳುವವರಿದ್ದರು, ಉಗ್ರಾಣದಲ್ಲಿ ಬೆಲ್ಲ ಎಷ್ಟು ಉಳಿದಿದೆ ಎಂದು ಮಾತ್ರ ಕೇಳುತ್ತಿದ್ದರು. ತಂಗಿಯ ಮದುವೆ ಹೊತ್ತಿಗೆ ಮೊದಲ ಪ್ರಶ್ನೆ ಕೇಳುವವರೂ ಇರಲಿಲ್ಲ.

2005ರ ಜುಲೈ 26ರಂದು ಸಾಂತಾಕ್ರೂಝಿನ ಮಳೆಮಾಪಕದಲ್ಲಿ ಇಪ್ಪತ್ತನಾಲ್ಕು ಗಂಟೆಗೆ 944 ಮಿಲಿಮೀಟರ್ ದಾಖಲಾಯಿತು. ಮೀಠಿ ನದಿ ಉಕ್ಕಿ ಕುರ್ಲಾ ಮುಳುಗಿತು, ಲೋಕಲ್ ನಿಂತಿತು, ಫೋನುಗಳು ಸತ್ತವು. ಅಮೆರಿಕದ ಕಾದಂಬರಿಕಾರರಿಗೆ ಹಿಮ ಇದ್ದಂತೆ ನಮಗೆ ಆ ಮಳೆ. ಈ ಊರಿನಲ್ಲಿ ಅಂಥ ಪುಸ್ತಕ ಬರೆಯುವವರಿದ್ದರೆ ಅರ್ಧಕ್ಕರ್ಧ ಕಥೆಗಳು ಆ ರಾತ್ರಿಯೇ ನಡೆಯಬೇಕು. ಅಕ್ಕ ಕುರ್ಲಾದ ಶಾಖೆಯಲ್ಲಿ ಸಿಕ್ಕಿಕೊಂಡಿದ್ದಳು. ಮರುದಿನ ಹಳಿಯ ಗುಂಟ ಚುನಾಭಟ್ಟಿ ದಾಟಿ, ಚಪ್ಪಲಿ ಕೈಯಲ್ಲಿ ಹಿಡಿದು, ವಡಾಲಾದವರೆಗೆ ನಡೆದು ಬಂದಳು. ಜೊತೆಗೆ ಅವಳ ಕಚೇರಿಯವರೊಬ್ಬರಿದ್ದರು. ಬಾಗಿಲಲ್ಲೇ ನಿಂತರು. ಅಮ್ಮ ಒತ್ತಾಯಿಸಿ ಒಂದು ಲೋಟ ಚಹಾ ಕೊಟ್ಟಳು, ಕುಡಿದು ಹೊರಟರು.

ಅಮ್ಮ, ನಾನು, ತಂಗಿ ಯಾರೂ ಅದನ್ನು ಎರಡನೆಯ ಸಲ ಯೋಚಿಸಲಿಲ್ಲ. ಊರೇ ಹಾಗೆ ನಡೆಯುತ್ತಿದ್ದಾಗ ಒಬ್ಬರ ಜೊತೆ ಒಬ್ಬರು ನಡೆದದ್ದರಲ್ಲಿ ಏನಿದೆ? ತಮ್ಮ ಮಾತ್ರ ಕೆಲವು ವಾರಗಳ ನಂತರ ನನಗೆ ಫೋನ್ ಮಾಡಿ ಕೇಳಿದ. "ಅಲ್ಲ ಅಕ್ಕ, ಅವರ ಮನೆ ಮುಲುಂಡ್ ಅಂತೆ. ಮುಲುಂಡಿನವರು ವಡಾಲಾಕ್ಕೆ ಏಕೆ ನಡೆದರು?"

ಈ ಊರಿನವರಿಗೆ ವಿವರಿಸಬೇಕಾಗಿಲ್ಲ. ಕುರ್ಲಾದಿಂದ ಮುಲುಂಡ್ ಉತ್ತರಕ್ಕೆ, ವಡಾಲಾ ದಕ್ಷಿಣಕ್ಕೆ. ಸೊಂಟದ ಮಟ್ಟದ ನೀರು ಇಳಿದ ಮರುದಿನ ಮನುಷ್ಯನೊಬ್ಬ ತನ್ನ ಮನೆಗೆ ಬೆನ್ನು ಹಾಕಿ ಅಷ್ಟು ದೂರ ನಡೆಯುತ್ತಾನೆ, ಒಂದು ಲೋಟ ಚಹಾ ಕುಡಿದು ಬಂದ ದಾರಿಯಲ್ಲೇ ಹಿಂತಿರುಗುತ್ತಾನೆ. ಕಾದಂಬರಿಯ ಆ ತಂಗಿಗೆ ತಟ್ಟೆ ಸಿಕ್ಕಿತ್ತು, ನಮ್ಮ ತಮ್ಮನಿಗೆ ರೈಲ್ವೆ ನಕ್ಷೆ.

ಆಮೇಲೆ ಎಲ್ಲವೂ ಹೊಸದಾಗಿ ಕಾಣತೊಡಗಿತು. ಅಕ್ಕ ಬೆಳಗಿನ ಡಬ್ಬಿಗೆ ಒಂದು ಚಪಾತಿ ಹೆಚ್ಚು ಹಾಕುತ್ತಿದ್ದುದು, ಜೋಳದ ಹಿಟ್ಟು ಮನೆಗೆ ಬಂದುದು. ಕುಂದಾಪುರದವರ ಮನೆಯಲ್ಲಿ ಜೋಳದ ಹಿಟ್ಟಿಗೆ ಏನು ಕೆಲಸ? ಅವರು ಸೋಲಾಪುರದವರು, ವಿಧುರರು, ಮಗ ಓದಲು ದೂರ ಹೋಗಿದ್ದ. ಕನ್ನಡ ಮಾತನಾಡುತ್ತಿದ್ದರು, ಆದರೆ ಅದು ಅವರ ಕಡೆಯ ಕನ್ನಡ. ಅಮ್ಮನಿಗೆ ಅರ್ಧ ತಿಳಿಯುತ್ತಿತ್ತು, ಅಮ್ಮನ ಕುಂದಗನ್ನಡ ಅವರಿಗೆ ಅಷ್ಟೂ ತಿಳಿಯುತ್ತಿರಲಿಲ್ಲ. ಕಾದಂಬರಿಯಲ್ಲಾದರೆ ಆ ಮಳೆಯ ರಾತ್ರಿಯೇ ಇತ್ಯರ್ಥವಾಗಬೇಕಿತ್ತು. ಇಲ್ಲಿ ವರ್ಷಗಳೇ ಹಿಡಿದವು. ಅಕ್ಕ ಬಾಯಿ ಬಿಡಲಿಲ್ಲ, ನಾವು ಕೇಳಲಿಲ್ಲ. ಕೇಳಿದರೆ ಅವಳು "ಛೆ, ಏನೂ ಇಲ್ಲ" ಎಂದುಬಿಡುತ್ತಾಳೆ, ಒಮ್ಮೆ ಹಾಗೆಂದರೆ ಅಕ್ಕನಂಥವಳು ಆ ಮಾತಿಗೇ ಕಟ್ಟುಬಿದ್ದು ನಿಜವಾಗಿಯೂ ಏನೂ ಇಲ್ಲದಂತೆ ಮಾಡಿಕೊಳ್ಳುತ್ತಾಳೆಂದು ನಮಗೆ ಭಯ. ಸುಮ್ಮನಿರುವುದೂ ಒಂದು ಸಹಾಯ.

ಇಲ್ಲಿ ಆ ಹಿಮದ ಕಾದಂಬರಿಯನ್ನು ಸ್ವಲ್ಪ ಗದರಿಸಬೇಕೆನ್ನಿಸುತ್ತದೆ. ಅದರಲ್ಲಿ ತಾಯಿಯ ಮನೆಗೆ ಐದು ಮಲಗುವ ಕೋಣೆಗಳು. ಹಿರಿಯ ಮಗಳು ಪ್ರೇಮಿಸಿದರೆ ಮನೆಯಲ್ಲಿ ಏನೂ ಜರುಗಬೇಕಾಗಿಲ್ಲ, ಒಂದು ಕುರ್ಚಿ ಸಹ. ಮುಂಬಯಿಯಲ್ಲಿ ನಡುವಯಸ್ಸಿನ ಹೆಣ್ಣಿನ ಪ್ರೇಮವೆಂದರೆ ಮೊದಲು ಜಾಗದ ಪ್ರಶ್ನೆ. ಅಪ್ಪಯ್ಯ ಹೋದ ಮೇಲೆ ಬಾಡಿಗೆ ರಸೀದಿ ಅಕ್ಕನ ಹೆಸರಿಗೆ ಬಂದಿತ್ತು. ಅವಳು ಮುಲುಂಡಿಗೆ ಹೋದರೆ ಅಮ್ಮನನ್ನು ನೋಡಿಕೊಳ್ಳುವವರು ಯಾರು? ಅಮ್ಮನೂ ಅಕ್ಕನ ಜೊತೆ ಹೋದರೆ ಕೋಣೆಯಲ್ಲಿ ಇರುವವರು ಯಾರು? ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯಿದೆಯ ಪ್ರಕಾರ, ಸರಿಯಾದ ಕಾರಣವಿಲ್ಲದೆ ಆರು ತಿಂಗಳು ಸತತವಾಗಿ ಬಳಸದೆ ಬೀಗ ಹಾಕಿಟ್ಟರೆ ಮಾಲೀಕ ತೆರವಿಗೆ ಕೋರ್ಟಿಗೆ ಹೋಗಬಹುದು. ಪುನರ್ನಿರ್ಮಾಣದ ಆಸೆ ಹುಟ್ಟಿದ ಚಾಳುಗಳಲ್ಲಿ ಮಾಲೀಕರು ಬೀಗಗಳನ್ನು ಎಣಿಸುತ್ತಲೇ ಇರುತ್ತಾರೆ. ನೆಂಟರಲ್ಲಿ ಜಾತಿ ಕೇಳಿದವರು ಇದ್ದರು, ಊರು ಕೇಳಿದವರೂ ಇದ್ದರು. ಆದರೆ ನಾವು ಮೂವರು ಫೋನಿನಲ್ಲಿ ರಾತ್ರಿ ಹನ್ನೊಂದರವರೆಗೆ ಮಾತನಾಡಿದ್ದು ಅದಾವುದರ ಬಗ್ಗೆಯೂ ಅಲ್ಲ. ಅಕ್ಕ ಇದ್ದಲ್ಲೇ ಇರುವುದು ಎಲ್ಲರಿಗೂ ಎಷ್ಟು ಅನುಕೂಲವಾಗಿತ್ತೆಂಬುದನ್ನು ಯಾರೂ ಬಾಯಿ ಬಿಟ್ಟು ಹೇಳದೆ ಅದರ ಸುತ್ತಲೇ ಮಾತು ತಿರುಗುತ್ತಿತ್ತು. ತ್ಯಾಗವೆಂಬುದನ್ನು ಹೊಗಳುವವರು ಸಾಮಾನ್ಯವಾಗಿ ಅದರ ಬಡ್ಡಿ ತಿನ್ನುವವರು.

ಬಿಡಿಸಿದ್ದು ತಮ್ಮನೇ, ಅದೂ ತನ್ನ ಕಷ್ಟದಿಂದ. ಅವನ ಸಂಸಾರ ಮುರಿದು ಬಿದ್ದಿತ್ತು. ಬಾಡಿಗೆ ಮನೆ ಬಿಟ್ಟು ವಡಾಲಾಕ್ಕೆ ಬಂದವನು, "ನಾನಿಲ್ಲಿರುತ್ತೇನೆ, ನೀನು ಹೊರಡು" ಎಂದ. ಅಷ್ಟಾದ ಮೇಲೆ ಅಕ್ಕ ಅಮ್ಮನಿಗೆ ಹೇಳಿದಳು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೀನು ತಿನ್ನುವುದಿಲ್ಲವಲ್ಲ ಅವರು" ಎಂದಳು. ಅದೇ ಆಕ್ಷೇಪ, ಬೇರೆ ಏನೂ ಬರಲಿಲ್ಲ. ಮುಲುಂಡಿನ ಮನೆಯಲ್ಲಿ ಬಾಲ್ಕನಿಗೆ ಒಂದು ಗ್ಯಾಸ್ ಒಲೆ ಇಟ್ಟು ಅದಕ್ಕೆ ಬೇರೆ ಬಾಣಲೆ, ಬೇರೆ ಸೌಟು ಕೊಟ್ಟರು. ಕಿಟಕಿ ಮುಚ್ಚಿಕೊಂಡು ಒಳಗೆ ಅವರು ಪೇಪರ್ ಓದುತ್ತಾರೆ, ಹೊರಗೆ ಅಮ್ಮ ಬಂಗುಡೆ ಹುರಿಯುತ್ತಾಳೆ. ಇವತ್ತಿಗೂ ಹಾಗೆಯೇ ನಡೆದಿದೆ.

ಮದುವೆ ಬಾಂದ್ರಾದ ನೋಂದಣಿ ಕಚೇರಿಯಲ್ಲಿ, 1954ರ ವಿಶೇಷ ವಿವಾಹ ಕಾಯಿದೆಯಂತೆ. ಮೂವತ್ತು ದಿನ ನೋಟಿಸು ಹಲಗೆಯ ಮೇಲೆ ತೂಗಬೇಕು, ಯಾರಾದರೂ ಆಕ್ಷೇಪ ಎತ್ತುವುದಿದ್ದರೆ ಎತ್ತಲೆಂದು. ಆ ಹಲಗೆಯಲ್ಲಿ ಇಪ್ಪತ್ತಮೂರು, ಇಪ್ಪತ್ತೈದರ ಹುಡುಗ ಹುಡುಗಿಯರ ಫೋಟೋಗಳ ನಡುವೆ ನಮ್ಮ ಅಕ್ಕ ಬ್ಯಾಂಕಿನ ಗುರುತಿನ ಚೀಟಿಯ ಮುಖ ಮಾಡಿಕೊಂಡು ತೂಗಿದಳು. ಕಾನೂನಿಗೆ ಮೂವರು ಸಾಕ್ಷಿಗಳು ಬೇಕು. ಸಾಕ್ಷಿಗಳೆಂದರೆ ಅಲ್ಲಿ ಸಾಮಾನ್ಯವಾಗಿ ಗೆಳೆಯರು. ಎಷ್ಟೋ ಜೋಡಿಗಳ ಮನೆಯವರಿಗೆ ವಿಷಯವೇ ಗೊತ್ತಿರುವುದಿಲ್ಲ. ನಮ್ಮ ಮುಂದಿನ ಜೋಡಿಯ ಸಾಕ್ಷಿಗಳು ಹೆಲ್ಮೆಟ್ ಕೈಯಲ್ಲಿ ಹಿಡಿದು ಬಾಗಿಲ ಕಡೆ ನೋಡುತ್ತ ನಿಂತಿದ್ದರು. ನಮ್ಮ ಸರದಿ ಬಂದಾಗ ಗುಮಾಸ್ತ ಕನ್ನಡಕದ ಮೇಲಿನಿಂದ ನೋಡಿ ಮರಾಠಿಯಲ್ಲಿ ಸಾಕ್ಷಿಗಳು ಯಾರು ಎಂದ. ತಂಗಿ, ತಂಗಿ, ತಮ್ಮ ಎಂದೆವು. ಅವನು ಹಿಂದೆ ಕುರ್ಚಿಯಲ್ಲಿ ಕುಳಿತಿದ್ದ ಅಮ್ಮನನ್ನು ನೋಡಿದ, ರೇಷ್ಮೆ ಸೀರೆ ನೋಡಿದ, ನನ್ನ ಕೈಯಲ್ಲಿದ್ದ ಅಬ್ಬೋಲಿ ದಂಡೆ ನೋಡಿದ. "ಮತ್ತೆ ಇಲ್ಲಿಗೇಕೆ ಬಂದಿರಿ? ಛತ್ರ ಸಿಗಲಿಲ್ಲವೇ?" ಎಂದು ಕೇಳಿ ತಾನೇ ನಕ್ಕ. ಸಹಿ ಹಾಕುವಾಗ ತಂಗಿಯ ಪೆನ್ನು ಕೈಕೊಟ್ಟಿತು. ಹೆಲ್ಮೆಟ್ಟಿನ ಹುಡುಗನೊಬ್ಬ ತನ್ನದನ್ನು ಕೊಟ್ಟ. ಅಂದು ಅಕ್ಕ ಉಗ್ರಾಣದಲ್ಲಿರಲಿಲ್ಲ, ಏಕೆಂದರೆ ಉಗ್ರಾಣವೇ ಇರಲಿಲ್ಲ. ಮಾಟುಂಗಾದ ಉಡುಪಿ ಊಟದ ಮನೆಯಲ್ಲಿ ಸಾಲಿನಲ್ಲಿ ನಿಂತು ಎಲೆಯೂಟ ಮಾಡಿದೆವು. ಸಾಲಿನಲ್ಲಿ ಅಕ್ಕನೇ ಮೊದಲು.

ಮಗಳ ಆ ಪುಸ್ತಕವನ್ನು ಓದಿ ಮುಗಿಸಿ ಅಕ್ಕನಿಗೂ ಕೊಟ್ಟಿದ್ದೆ. ಎರಡು ದಿನದಲ್ಲಿ ಓದಿ ಹಿಂತಿರುಗಿಸಿ, "ಎಲ್ಲ ಸರಿ, ಅಷ್ಟು ಜನಕ್ಕೆ ದಿನಾ ಅಡುಗೆ ಮಾಡಿದವರು ಯಾರು ಎಂದು ಬರೆದೇ ಇಲ್ಲ" ಎಂದಳು. ಇದಕ್ಕಿಂತ ಚೆನ್ನಾದ ವಿಮರ್ಶೆ ನನ್ನಿಂದಾಗದು.

ಕಳೆದ ತಿಂಗಳು ಅವಳ ಫೋನ್. ದನಿಯಲ್ಲೇ ಏನೋ ಇತ್ತು. "ತಮ್ಮ ಫೋನ್ ಮಾಡಿದ್ದ. ಬನ್ಸ್ ಮಾಡುವುದು ಹೇಗೆ ಎಂದು ಕೇಳಿದ. ಬಾಳೆಹಣ್ಣು ಎಷ್ಟು ಕಳಿತಿರಬೇಕು, ಹಿಟ್ಟು ಎಷ್ಟು ಹೊತ್ತು ನೆನೆಯಬೇಕು, ಎಲ್ಲ ಬರೆದುಕೊಂಡ." ನಾನು ಸುಮ್ಮನಾದೆ, ಅವಳೂ ಸುಮ್ಮನಾದಳು. ವಡಾಲಾದ ಆ ಕೋಣೆಯಲ್ಲಿ ಇಷ್ಟು ವರ್ಷ ತನಗೆಂದು ಒಂದು ಲೋಟ ಚಹಾ ಸಹ ಮಾಡಿಕೊಳ್ಳದೆ ಕೆಳಗಿನ ಚಹಾ ಟಪರಿಯಲ್ಲೇ ಕಾಲ ಕಳೆದವನು. ವಯಸ್ಸು ಐವತ್ತರ ಹತ್ತಿರ. ಬನ್ಸ್ ಒಬ್ಬನೇ ತಿನ್ನಲು ಯಾರೂ ಮಾಡುವುದಿಲ್ಲ.

"ಕೇಳಿದೆಯಾ?" ಎಂದೆ.

"ಹುಚ್ಚೇ ನಿನಗೆ? ಅವನಾಗಿ ಹೇಳಲಿ."

ಹೇಳಿದ, ಮೊನ್ನೆ. ಡಿಸೆಂಬರ್ ಕೊನೆಯ ವಾರ ನನ್ನ ಮಗಳು ಪುಣೆಯಿಂದ ಬರುತ್ತಾಳೆ, ತಂಗಿ ಬೆಂಗಳೂರಿನಿಂದ ಬರುತ್ತಾಳೆ, ಎಲ್ಲರೂ ಮುಲುಂಡಿನಲ್ಲಿ ಸೇರುವುದೆಂದು ಮೊದಲೇ ಗೊತ್ತಾಗಿತ್ತು. ಅವನೂ ಬರುತ್ತಾನಂತೆ, ಒಬ್ಬರನ್ನು ಕರೆದುಕೊಂಡು. ಎರಡು ಕೋಣೆಯ ಮನೆಯಲ್ಲಿ ಯಾರನ್ನು ಎಲ್ಲಿ ಮಲಗಿಸುವುದೆಂದು ನಾನೂ ಅಕ್ಕನೂ ಇನ್ನೂ ಲೆಕ್ಕ ಹಾಕುತ್ತಿದ್ದೇವೆ; ಭಾವ ತಾವು ಸೋಫಾಕ್ಕೆ ಸಿದ್ಧವೆಂದಿದ್ದಾರೆ. ಅಮ್ಮನಿಗೆ ಈಗ ಎಂಬತ್ತೇಳು, ಕಿವಿ ಮಂದ. ಅಕ್ಕ ಜೋರಾಗಿ ಎರಡು ಸಲ ಹೇಳಬೇಕಾಯಿತು. ಅಮ್ಮನ ಪ್ರಶ್ನೆ ಏನೆಂದು ನಮಗೆ ಗೊತ್ತಿದ್ದುದರಿಂದ ಉತ್ತರ ಮೊದಲೇ ತಯಾರಿತ್ತು. "ತಿನ್ನುತ್ತಾಳಮ್ಮ, ಬಂಗಾಳಿ. ದಿನಾ ಮೀನು ತಿನ್ನುತ್ತಾರೆ ಅವರು."

ಅಮ್ಮ ಸ್ವಲ್ಪ ಯೋಚಿಸಿದಳು.

"ಹೊಳೆಯದ್ದೋ, ಸಮುದ್ರದ್ದೋ?"